ಊರಿಗೆ ಆಸ್ಪತ್ರೆ ಬಂದ ಮೇಲೂ ಉಳಿದ ದೂರ

ಕಾಗದದ ಮೇಲೆ ಲೆಕ್ಕ ಸರಳ. ಬಯಲು ಸೀಮೆಯಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 20,000ಕ್ಕೆ ಒಂದು. ಅದರ ಕೆಳಗೆ ಉಪಕೇಂದ್ರ, ಮೇಲೆ ಸಮುದಾಯ ಆರೋಗ್ಯ ಕೇಂದ್ರ. ಈಗ ಅದರ ಜೊತೆಗೆ ನಗರಗಳಲ್ಲಿ ‘ನಮ್ಮ ಕ್ಲಿನಿಕ್’, ಆಯುಷ್ಮಾನ್ ಆರೋಗ್ಯ ಮಂದಿರ, ವಿಮೆ ಕಾರ್ಡು, ಆಶಾ ಕಾರ್ಯಕರ್ತೆ. ಯಾವುದು ಯಾವಾಗ ಬಂತು, ಯಾಕೆ ಬಂತು ಅನ್ನೋದೇ ಗೊಂದಲ. ಇಷ್ಟೆಲ್ಲ ಇದ್ದರೂ ಕಾಡಂಚಿನ ಪೋಡು (ಬುಡಕಟ್ಟು ಜನರ ಹಾಡಿ), ಕಲಬುರಗಿ ಕಡೆಯ ತಾಂಡಾ, ಬೆಂಗಳೂರಿನ ಕಟ್ಟಡ ಕಾರ್ಮಿಕರ ಶೆಡ್ಡುಗಳಿಗೆ ಡಾಕ್ಟರು ದೂರವೇ ಉಳಿದಿದ್ದಾರೆ.

ಈ ಕಥೆ ಸ್ವಾತಂತ್ರ್ಯಕ್ಕಿಂತ ಹಳೆಯದು. ಹಳೇ ಮೈಸೂರು ಸಂಸ್ಥಾನ 1920ರ ದಶಕದ ಕೊನೆಯಲ್ಲೇ ರಾಕ್‌ಫೆಲರ್ ಫೌಂಡೇಷನ್ ನೆರವಿನಿಂದ ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕ ಶುರು ಮಾಡಿತ್ತು. ದೇಶದ ಆರೋಗ್ಯ ವ್ಯವಸ್ಥೆ ಹೇಗಿರಬೇಕೆಂದು 1946ರಲ್ಲಿ ಬಂದ ಭೋರ್ ಸಮಿತಿ ವರದಿ, ದುಡ್ಡಿಲ್ಲ ಅನ್ನೋ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂದಿತು. 1952ರಿಂದ ಸಮುದಾಯ ಅಭಿವೃದ್ಧಿ ಯೋಜನೆಯಡಿ ಬ್ಲಾಕಿಗೊಂದು ಕೇಂದ್ರ ಬಂತು. ಎಲ್ಲರಿಗೂ ಪ್ರಾಥಮಿಕ ಆರೋಗ್ಯ ಸೇವೆ ಸಿಗಬೇಕೆಂದ 1978ರ ಅಂತರರಾಷ್ಟ್ರೀಯ ಅಲ್ಮಾ ಆಟಾ ಘೋಷಣೆಯ ನಂತರ ಜನಸಂಖ್ಯೆಯ ಲೆಕ್ಕ ಗಟ್ಟಿಯಾಯಿತು, ಕಟ್ಟಡಗಳು ಎದ್ದವು. ಒಳಗೆ ಯಾರು ಇರಬೇಕು, ಅವರು ಅಲ್ಲಿ ಉಳಿಯುವಂತೆ ಹೇಗೆ ಮಾಡಬೇಕು ಎಂಬುದು ಹಿಂದೆ ಬಿತ್ತು.

ಜನಸಂಖ್ಯೆಯ ಲೆಕ್ಕದಲ್ಲೇ ಒಂದು ಕೊರತೆ ಇದೆ. ಮಂಡ್ಯದ ಗದ್ದೆ ಬಯಲಿನಲ್ಲಿ 20,000 ಜನ ಅಕ್ಕಪಕ್ಕದ ಊರುಗಳಲ್ಲೇ ಸಿಗುತ್ತಾರೆ. ಕಾಡಿನಲ್ಲಿ ಅಷ್ಟೇ ಜನ ಗುಡ್ಡಗಳಾಚೆ, ಬಸ್ಸೇ ಹೋಗದ ಕಡೆಗಳಲ್ಲಿ ಚದುರಿರುತ್ತಾರೆ. ಇದನ್ನು ಎಲ್ಲಕ್ಕಿಂತ ಚೆನ್ನಾಗಿ ತೋರಿಸಿಕೊಟ್ಟ ಜಾಗ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ. ಹಾಗಾಗಿ ಇಲ್ಲಿ ಸ್ವಲ್ಪ ನಿಂತು ನೋಡಬೇಕು.

ಬೆಟ್ಟ 1974ರಲ್ಲಿ ವನ್ಯಜೀವಿಧಾಮವಾಯಿತು. ಅಲ್ಲಿನ ಬುಡಕಟ್ಟು ಸಮುದಾಯವಾದ ಸೋಲಿಗರ ಬೇಸಾಯ, ಓಡಾಟ, ಕಾಡಿನಿಂದ ಸಿಗುತ್ತಿದ್ದ ಆಹಾರ ಎಲ್ಲಕ್ಕೂ ಕಡಿವಾಣ ಬಿತ್ತು. ಆರೋಗ್ಯದ ಪ್ರಶ್ನೆ ಅಲ್ಲಿ ಔಷಧಿಯಿಂದ ಶುರುವಾಗೋದೇ ಇಲ್ಲ, ನೆಲದಿಂದ ಶುರುವಾಗುತ್ತದೆ. ಡಾ. ಎಚ್. ಸುದರ್ಶನ್ 1981ರಲ್ಲಿ ಅಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಚಿಕಿತ್ಸೆಗೆ ಅಂತ ಆರಂಭವಾದ ಕೆಲಸ ಶಾಲೆಗೆ, ಜೀವನೋಪಾಯಕ್ಕೆ, ಸಂಘಟನೆಗೆ ಬೆಳೆಯಿತು.

ಸೋಲಿಗರಲ್ಲಿ ಸಿಕಲ್ ಸೆಲ್ ಅನೀಮಿಯಾ ಇರುವುದನ್ನು ಅಲ್ಲಿನ ಡಾಕ್ಟರುಗಳು 80ರ ದಶಕದಲ್ಲೇ ಗುರುತಿಸಿದರು. ಈ ಕಾಯಿಲೆ ತಂದೆತಾಯಿಯಿಂದ ಮಕ್ಕಳಿಗೆ ಬರುತ್ತದೆ. ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ತಡೆಯಲಾಗದ ನೋವು ಕೊಡುತ್ತದೆ. ಹೊರಗಿನಿಂದ ಬಂದು ವಾರಕ್ಕೊಮ್ಮೆ ಮಾತ್ರೆ ಹಂಚಿ ಹೋಗುವವರಿಗೆ ಅದು ಸುಮ್ನೆ ರಕ್ತಹೀನತೆಯಂತೆ ಕಾಣಬಹುದು. ಒಂದೇ ಮನೆಯವರನ್ನು ವರ್ಷಗಟ್ಟಲೆ ನೋಡುವವರಿಗೆ ಮಾತ್ರ ಅಕ್ಕನಿಗೂ ತಮ್ಮನಿಗೂ ಅದೇ ನೋವು ಬರುತ್ತಿರುವುದು ಕಣ್ಣಿಗೆ ಬೀಳುತ್ತದೆ. ದೇಶಮಟ್ಟದಲ್ಲಿ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಶುರುವಾಗಿದ್ದು 2023ರಲ್ಲಿ. ನಡುವೆ ಎಷ್ಟು ಕಾಲ ಹೋಯಿತು ನೋಡಿ.

ಇನ್ನೊಂದು ಕೆಲಸ ಸದ್ದಿಲ್ಲದೆ ನಡೆಯಿತು, ಅದಕ್ಕೆ ಸಿಗಬೇಕಾದಷ್ಟು ಮಾತು ಸಿಕ್ಕಿಲ್ಲ. ಬುಡಕಟ್ಟು ಸಮುದಾಯದ ಹೆಣ್ಣುಮಕ್ಕಳಿಗೇ ಎಎನ್‌ಎಂ (ಸಹಾಯಕ ದಾದಿ ಮತ್ತು ಸೂಲಗಿತ್ತಿ) ತರಬೇತಿ ಕೊಟ್ಟು, ಅವರನ್ನೇ ಗಿರಿಜನ ಪ್ರದೇಶದ ಉಪಕೇಂದ್ರಗಳಿಗೆ ಕಳಿಸಿದರು. ಭಾಷೆ ಗೊತ್ತು, ದಾರಿ ಗೊತ್ತು, ಯಾರ ಮನೆಯಲ್ಲಿ ಬಸುರಿ ಇದ್ದಾಳೆ ಅನ್ನೋದೂ ಗೊತ್ತು. ವರ್ಗಾವಣೆಗೆ ಅರ್ಜಿ ಹಾಕಿ ಕಾಯುವ ಪ್ರಶ್ನೆಯೇ ಕಡಿಮೆ, ಯಾಕಂದ್ರೆ ಅದೇ ಅವರ ಊರು. ಉಳಿದ ಕಡೆ ಕ್ವಾರ್ಟರ್ಸ್ ಕಟ್ಟಿ, ಭತ್ಯೆ ಕೊಟ್ಟು, ಕೊನೆಗೆ 2012ರಲ್ಲಿ ವೈದ್ಯಕೀಯ ಪದವೀಧರರಿಗೆ ಕಡ್ಡಾಯ ಗ್ರಾಮೀಣ ಸೇವೆಯ ಕಾನೂನೇ ತರಬೇಕಾಯಿತು. ಕಡ್ಡಾಯಕ್ಕೆ ಬಂದವರು ವರ್ಷ ಮುಗಿಯುವುದನ್ನು ಎಣಿಸುತ್ತಾರೆ. ಅದು ಅವರ ತಪ್ಪೂ ಅಲ್ಲ.

ಬೆಟ್ಟದ ಕೆಳಗೆ ಯಳಂದೂರು ತಾಲ್ಲೂಕಿನಲ್ಲಿ ಕುಷ್ಠರೋಗ ಹೆಚ್ಚಿತ್ತು. ಅದಕ್ಕಾಗಿ 80ರ ದಶಕದಲ್ಲಿ ಕರುಣಾ ಟ್ರಸ್ಟ್ ಹುಟ್ಟಿತು. 1996ರಲ್ಲಿ ಸರ್ಕಾರ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೇ ಟ್ರಸ್ಟಿಗೆ ನಡೆಸಲು ಕೊಟ್ಟಿತು. ಸಾಮಾನ್ಯವಾಗಿ ಪಿಎಚ್‌ಸಿ ಅಂದರೆ ಹೆರಿಗೆ, ಲಸಿಕೆ, ಜ್ವರದ ಮಾತ್ರೆ. ಗುಂಬಳ್ಳಿಯಲ್ಲಿ ಮಾನಸಿಕ ಕಾಯಿಲೆ, ಫಿಟ್ಸ್, ಕಣ್ಣಿನ ತೊಂದರೆಗಳೂ ಕೇಂದ್ರದ ಕೆಲಸವಾದವು. ದಕ್ಷಿಣ ಕರ್ನಾಟಕದಲ್ಲಿ ತಲೆಗೆ ಬಿಸಿನೀರು ಹುಯ್ದುಕೊಳ್ಳುವಾಗ ಫಿಟ್ಸ್ ಬರುವವರಿದ್ದಾರೆ, ಯಳಂದೂರು ಸುತ್ತಮುತ್ತ ಇದು ಜಾಸ್ತಿ. ಫಿಟ್ಸ್ ಮಾತ್ರೆಯನ್ನು ವರ್ಷಗಟ್ಟಲೆ ಬಿಡದೆ ತೆಗೆದುಕೊಳ್ಳಬೇಕು. ಅದಕ್ಕಾಗಿ ಪ್ರತಿ ತಿಂಗಳು ಮೈಸೂರಿಗೋ ಬೆಂಗಳೂರಿಗೋ ಹೋಗು ಅಂದರೆ ಕೂಲಿಯವರು ಎಷ್ಟು ದಿನ ಹೋಗ್ತಾರೆ? ಮಾತ್ರೆ ನಿಂತರೆ ಫಿಟ್ಸ್ ಮತ್ತೆ ಬರುತ್ತದೆ.

ಕೂಲಿಯ ಈ ಮಾತು ಮುಖ್ಯ. 2000ದ ದಶಕದ ಆರಂಭದಲ್ಲಿ ಇದೇ ಟ್ರಸ್ಟ್ ತಿ. ನರಸೀಪುರದಲ್ಲಿ ಒಂದು ಸಮುದಾಯ ವಿಮೆ ಪ್ರಯೋಗ ಮಾಡಿತು. ಸರ್ಕಾರಿ ಆಸ್ಪತ್ರೆಗೆ ದಾಖಲಾದ ಬಡ ರೋಗಿಗೆ, ಕೆಲಸ ತಪ್ಪಿದ ದಿನಕ್ಕೆ 50 ರೂಪಾಯಿ ಪರಿಹಾರ. ಚಿಕಿತ್ಸೆ ಪುಕ್ಕಟೆ ಆದರೂ ದಿನದ ಕೂಲಿ ಹೋದರೆ ಅದು ಪುಕ್ಕಟೆ ಅಲ್ಲ ಎಂದು ಒಂದು ಯೋಜನೆ ಲೆಕ್ಕ ಹಾಕಿದ್ದು ನನಗೆ ತಿಳಿದಂತೆ ಬಹಳ ಅಪರೂಪ.

ಗುಂಬಳ್ಳಿಯ ಮಾದರಿ ನೋಡಿ 2008ರಲ್ಲಿ ‘ಆರೋಗ್ಯ ಬಂಧು’ ಬಂತು. ಸ್ವಯಂಸೇವಾ ಸಂಸ್ಥೆಗಳಿಗೆ, ವೈದ್ಯಕೀಯ ಕಾಲೇಜುಗಳಿಗೆ ಪಿಎಚ್‌ಸಿಗಳನ್ನು ಒಪ್ಪಿಸಿದರು. ಕೆಲವು ಚೆನ್ನಾಗಿ ನಡೆದವು, ಕೆಲವು ನಡೆಯಲಿಲ್ಲ. ಸರ್ಕಾರದ ಹೊಣೆಯನ್ನು ಹೊರಗಿನವರಿಗೆ ದಾಟಿಸುವುದು ಸರಿಯಲ್ಲ ಎಂಬ ವಾದವೂ ಬಲವಾಗಿತ್ತು, ಅದರಲ್ಲಿ ಹುರುಳಿತ್ತು. 2016ರ ಹೊತ್ತಿಗೆ ಯೋಜನೆ ನಿಂತು ಕೇಂದ್ರಗಳು ಇಲಾಖೆಗೆ ಮರಳತೊಡಗಿದವು. ಆ ಜಗ್ಗಾಟದಲ್ಲಿ ‘ಯಾರು ನಡೆಸಬೇಕು’ ಎಂದು ಬೇಕಾದಷ್ಟು ಚರ್ಚೆ ಆಯಿತು. ‘ಅಲ್ಲಿ ಕಲಿತಿದ್ದೇನು’ ಎಂಬ ಪ್ರಶ್ನೆಗೆ ಅಷ್ಟು ಸಮಯ ಸಿಗಲಿಲ್ಲ.

ಉತ್ತರ ಕರ್ನಾಟಕದ ಕಥೆ ಬೇರೆ. ಪ್ರಾದೇಶಿಕ ಅಸಮತೋಲನ ಕುರಿತ 2002ರ ನಂಜುಂಡಪ್ಪ ಸಮಿತಿ ವರದಿ ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳನ್ನು ಗುರುತಿಸಿತು. ಅವುಗಳಲ್ಲಿ 21 ಆಗಿನ ಗುಲ್ಬರ್ಗ ವಿಭಾಗದವು. ಸಂವಿಧಾನದ 371ಜೆ ತಿದ್ದುಪಡಿ 2013ರಲ್ಲಿ ಜಾರಿಗೆ ಬಂದು ಅಲ್ಲಿಗೆ ಪ್ರತ್ಯೇಕ ಅನುದಾನ, ಸ್ಥಳೀಯರಿಗೆ ನೇಮಕಾತಿಯಲ್ಲಿ ಮೀಸಲು ಸಿಕ್ಕಿತು. ಸ್ಥಳೀಯರನ್ನೇ ಬೆಳೆಸುವ ಬೆಟ್ಟದ ಪಾಠ ಅಲ್ಲಿ ಕಾನೂನಿನ ರೂಪದಲ್ಲಿ ಬಂತು ಅನ್ನಬಹುದು. ಆದರೆ ಅದರ ಫಲ ಕಾಣಬೇಕಾದರೆ ಮೊದಲು ಅಲ್ಲಿನ ಮಕ್ಕಳು ವಿಜ್ಞಾನ ಓದಿ ನರ್ಸಿಂಗ್, ಮೆಡಿಕಲ್ ಸೀಟಿನವರೆಗೆ ಬರಬೇಕು. ಅದು ಶಾಲೆಯ ಪ್ರಶ್ನೆ.

2010ರಲ್ಲಿ ಬಡವರ ದೊಡ್ಡ ಕಾಯಿಲೆಗಳ ಚಿಕಿತ್ಸೆಯ ಖರ್ಚು ಭರಿಸುವ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಶುರುವಾಗಿದ್ದೂ ಕಲಬುರಗಿ ವಿಭಾಗದಲ್ಲೇ. 2018ರಲ್ಲಿ ಆರೋಗ್ಯ ಕರ್ನಾಟಕ, ಆಮೇಲೆ ಆಯುಷ್ಮಾನ್ ಭಾರತ್ ಬಂದವು. ಹೃದಯದ ಆಪರೇಷನ್, ಕ್ಯಾನ್ಸರ್ ಚಿಕಿತ್ಸೆಗೆ ಸಾಲ ಮಾಡುವುದು ಎಷ್ಟೋ ಮನೆಗಳಲ್ಲಿ ತಪ್ಪಿದೆ, ನಿಜ. ಆದರೆ ಕಾರ್ಡು ಕೆಲಸ ಮಾಡೋದು ಕಾಯಿಲೆ ದೊಡ್ಡದಾದ ಮೇಲೆ. ಬಿಪಿ, ಸಕ್ಕರೆ ಕಾಯಿಲೆಯನ್ನು ಮೊದಲೇ ಹಿಡಿಯುವುದು ಉಪಕೇಂದ್ರ.

ಆ ಕೆಲಸವನ್ನು ಈಗ ಹೊತ್ತಿರುವವರು 2005ರ ಗ್ರಾಮೀಣ ಆರೋಗ್ಯ ಅಭಿಯಾನದೊಂದಿಗೆ ಬಂದ ಆಶಾ ಕಾರ್ಯಕರ್ತೆಯರು. ಸುಮಾರು 1,000 ಜನಕ್ಕೊಬ್ಬರು, ಅದೇ ಊರಿನವರು. ಬೆಟ್ಟದಲ್ಲಿ ಫಲ ಕೊಟ್ಟ ವಿಷಯ ಇದೇ ಅಲ್ವಾ? ಆದರೂ ಅವರಿಗೆ ಸಂಬಳವಿಲ್ಲ, ಗೌರವಧನ ಮತ್ತು ಕೆಲಸದ ಲೆಕ್ಕದ ಪ್ರೋತ್ಸಾಹಧನ. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತರು. ತಿಂಗಳಿಗೆ 10,000 ರೂಪಾಯಿ ಖಾತರಿಯ ಭರವಸೆ ಸಿಕ್ಕಿತು.

ನಗರಗಳಿಗಾಗಿ 2022ರ ಡಿಸೆಂಬರಿನಲ್ಲಿ ನಮ್ಮ ಕ್ಲಿನಿಕ್ ಆರಂಭವಾಯಿತು. ರಾಜ್ಯಕ್ಕೆ 438ರ ಯೋಜನೆ. ವಲಸೆ ಬಂದ ಕುಟುಂಬಗಳ ಹತ್ತಿರಕ್ಕೇ ಡಾಕ್ಟರನ್ನು ತಂದದ್ದು ಒಳ್ಳೆಯ ಹೆಜ್ಜೆ. ಶುರುವಾದಾಗ ಇಟ್ಟ ಸಮಯ ಬೆಳಿಗ್ಗೆ 9ರಿಂದ ಸಂಜೆ 4.30. ಗಾರೆ ಕೆಲಸದವರು ಆ ಹೊತ್ತಿನಲ್ಲಿ ಸೈಟಿನಲ್ಲಿರುತ್ತಾರೆ, ಮನೆಗೆಲಸದವರು ಬೇರೆಯವರ ಮನೆಯಲ್ಲಿ. ಬಾಗಿಲು ಸಂಜೆ 8ರವರೆಗೆ ತೆರೆದಿರಬೇಕಾದರೆ ಎರಡನೇ ಪಾಳಿಗೆ ಡಾಕ್ಟರು, ನರ್ಸು, ಲ್ಯಾಬಿನವರು ಬೇಕು. ಅವರನ್ನು ನೇಮಿಸಲು ಬಜೆಟ್ಟಿನಲ್ಲಿ ಪ್ರತಿ ವರ್ಷ ಹಣ ಇಡಬೇಕು.