ತೂತು ಎರಡಿದ್ದರೆ ಸೌಂಡೂ ಎರಡಾಗಲ್ಲ

"ಅಣ್ಣಾ, ಸ್ಪೀಕರ್‌ಗೊಂದು ಸೌಂಡು, ಹೆಡ್‌ಫೋನ್‌ಗೊಂದು ಸೌಂಡು, ಹಂಗೆ ಮಾಡ್ಕೊಡಿ." ಹಾಸನದ ನನ್ನ ರಿಪೇರಿ ಅಂಗಡಿಗೆ ಈ ಮಾತು ಹೇಳಿಕೊಂಡು ಜನ ಬರುತ್ತಲೇ ಇರುತ್ತಾರೆ. ಕೇಳೋದರಲ್ಲಿ ತಪ್ಪಿಲ್ಲ. ನನಗೆ ಸಿಟ್ಟು ಬರೋದು ಬರುವಷ್ಟರಲ್ಲಿ ಅವರು ಮಾಡಿಕೊಂಡಿರುವ ಅವಾಂತರ ನೋಡಿ. ಒಬ್ಬರು ಎರಡು ಬಾಯಿಯ ವೈ ಕೇಬಲ್ ಕೊಂಡಿರುತ್ತಾರೆ. ಇನ್ನೊಬ್ಬರು ಹೊಸ ಸ್ಪೀಕರ್. ಮತ್ತೊಬ್ಬರಂತೂ ಯಾರದೋ ಮಾತು ಕೇಳಿ ವಿಂಡೋಸ್ ಫಾರ್ಮ್ಯಾಟ್ ಹೊಡೆಸಿ, ಮಗಳ ಮದುವೆ ಫೋಟೋ ಎಲ್ಲ ಕಳೆದುಕೊಂಡು ಬಂದಿದ್ದರು. ವಾಲ್ಯೂಮ್ ಸರಿ ಮಾಡೋಕೆ ಫಾರ್ಮ್ಯಾಟ್!

ಹೋದ ಮಳೆಗಾಲದಲ್ಲಿ ರಿಟೈರ್ ಆದ ಮೇಷ್ಟ್ರೊಬ್ಬರು ಮನೆಗೆ ಕರೆದರು. ಹಾಲ್‌ನಲ್ಲಿ ಒಂದೇ ಡೆಸ್ಕ್‌ಟಾಪ್. ಬೆಳಿಗ್ಗೆ ಅವರು ಸ್ಪೀಕರ್‌ನಲ್ಲಿ ದಾಸರ ಪದ ಕೇಳುತ್ತಾರೆ, ಸಾಯಂಕಾಲ ಮೊಮ್ಮಗಳು ಹೆಡ್‌ಫೋನ್ ಹಾಕಿಕೊಂಡು ಸಿಇಟಿ ಕ್ಲಾಸ್ ಕೇಳುತ್ತಾಳೆ. ಸ್ಪೀಕರ್ ಹಳೇದು, ನಾಬ್ ಜಾಸ್ತಿ ತಿರುಗಿಸಿದರೆ ಗರಗರ ಅನ್ನುತ್ತೆ. ಹಾಗಾಗಿ ಮೇಷ್ಟ್ರು ನಾಬ್ ಕಮ್ಮಿ ಇಟ್ಟು, ವಿಂಡೋಸ್‌ನಲ್ಲಿ 100ಕ್ಕೆ ಏರಿಸಿಬಿಡುತ್ತಿದ್ದರು. ಆ 100 ಹಾಗೇ ಉಳಿಯುತ್ತಿತ್ತು. ಸಾಯಂಕಾಲ ಹುಡುಗಿ ಹೆಡ್‌ಫೋನ್ ಸಿಗಿಸಿ ವಿಡಿಯೋ ಒತ್ತಿದರೆ ಕಿವಿಯೊಳಗೆ ಪಟಾಕಿ ಹೊಡೆದ ಹಾಗೆ. ಮೇಷ್ಟ್ರು ತಮ್ಮದೇ ಉಪಾಯ ಮಾಡಿದ್ದರು. ಮಾನಿಟರ್ ಅಂಚಿಗೆ ಒಂದು ಚೀಟಿ ಅಂಟಿಸಿ, ದುಂಡಾದ ಅಕ್ಷರದಲ್ಲಿ "ಹೆಡ್‌ಫೋನ್ ಹಾಕುವ ಮುನ್ನ 20" ಅಂತ ಬರೆದಿದ್ದರು. ಅದರ ಕೆಳಗೆ ಪೆನ್ಸಿಲ್‌ನಲ್ಲಿ ಹುಡುಗಿ: "ತಾತ, ಹಾಡು ಮುಗಿದ ಮೇಲೆ ನೀವೇ 20 ಮಾಡಿ."

ಈಗ ವಿಷಯ. ಸಿಪಿಯು ಮುಂದೆ ಒಂದು ಹೆಡ್‌ಫೋನ್ ತೂತು, ಹಿಂದೆ ಒಂದು ಹಸಿರು ತೂತು ಇರುತ್ತೆ ಅಲ್ವಾ? (ಆ ಡಬ್ಬಕ್ಕೆ ಸಿಪಿಯು ಅನ್ನೋದು ತಪ್ಪು, ಆದರೆ ಆ ಜಗಳ ಬಿಟ್ಟು ವರ್ಷಗಳಾದವು.) ತೂತು ಎರಡಿದೆ, ಅಂದಮೇಲೆ ಎರಡಕ್ಕೂ ಬೇರೆ ಬೇರೆ ವಾಲ್ಯೂಮ್ ಇರಬೇಕು ಅಂತ ಜನ ಅಂದುಕೊಳ್ಳುತ್ತಾರೆ. ಇಲ್ಲ. ಹೆಚ್ಚಿನ ಮದರ್‌ಬೋರ್ಡ್‌ಗಳಲ್ಲಿ ಸೌಂಡ್ ಚಿಪ್ ಒಂದೇ, ನಮ್ಮ ಕಡೆ ಬರೋದು ಬಹುಪಾಲು ರಿಯಲ್‌ಟೆಕ್. ಎರಡೂ ತೂತಿಗೆ ಅದರಿಂದಲೇ ವೈರ್ ಹೋಗುತ್ತೆ. ಸಾಮಾನ್ಯವಾಗಿ ವಿಂಡೋಸ್‌ಗೆ ಅದು ಒಂದೇ ಡಿವೈಸ್ ಆಗಿ ಕಾಣುತ್ತೆ. ವಾಲ್ಯೂಮ್ ಇರೋದು ಡಿವೈಸ್‌ಗೆ, ತೂತಿಗಲ್ಲ. ಮುಂದೆ ಸಿಗಿಸಿದ ತಕ್ಷಣ ಹಿಂದಿನ ಸ್ಪೀಕರ್ ಬಂದ್ ಆಗುತ್ತಲ್ಲ, ಅದೂ ಬೇರೆ ವಾಲ್ಯೂಮ್ ಅಲ್ಲ. ಅದೇ ನೀರನ್ನು ಆ ಕಡೆಯಿಂದ ಈ ಕಡೆಗೆ ತಿರುಗಿಸಿದ್ದು ಅಷ್ಟೇ.

ನೀರಿನ ಮಾತು ನನ್ನದಲ್ಲ. ಸಕಲೇಶಪುರದ ಕಡೆ ಕಾಫಿ ಎಸ್ಟೇಟ್‌ನಲ್ಲಿ ಲೆಕ್ಕ ಬರೆಯುವ ರೈಟರ್ ಒಬ್ಬರಿಗೆ ಅರ್ಧ ಗಂಟೆ ಇದನ್ನೇ ಹೇಳಿದೆ. ಅವರು ಸುಮ್ನೆ ತಲೆ ಆಡಿಸುತ್ತಾ ಇದ್ದರು. ಆಮೇಲೆ, "ಅಂದ್ರೆ ಗೇಟ್‌ವಾಲ್ವ್ ಒಂದೇ, ಪೈಪ್ ಎರಡು ಅನ್ನಿ" ಅಂದರು. ಕಾಫಿಗೆ ಸ್ಪ್ರಿಂಕ್ಲರ್ ಹೊಡೆಸುವಾಗ ವಾಲ್ವ್ ಒಂದೇ ಇದ್ದರೆ ಮೇಲಿನ ಪಟ್ಟೆಗೆ ಜಾಸ್ತಿ, ಕೆಳಗಿನ ಪಟ್ಟೆಗೆ ಕಮ್ಮಿ ಅಂತ ಬಿಡೋಕಾಗಲ್ಲವಂತೆ. ಎರಡು ಪೈಪಿಗೂ ಒಂದೊಂದು ವಾಲ್ವ್ ಕೂರಿಸಬೇಕು. ನಾನು ಇಷ್ಟು ವರ್ಷ ಇದನ್ನು ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ವೈ ಕೇಬಲ್ ಅಂದರೆ ವಾಲ್ವ್ ದಾಟಿದ ಮೇಲೆ ಪೈಪಿಗೊಂದು ಟೀ ಜಾಯಿಂಟ್ ಹಾಕಿದ ಹಾಗೆ, ಅದರಿಂದ ಏನೂ ಸಿಗಲ್ಲ.

"ಮೊಬೈಲ್‌ನಲ್ಲಿ ಆಗುತ್ತಲ್ಲ" ಅಂತ ವಾದ ಮಾಡುವವರಿದ್ದಾರೆ. ಆಗುತ್ತೆ. ಆಂಡ್ರಾಯ್ಡ್ ಫೋನ್ ಸ್ಪೀಕರ್‌ಗೆ ಎಷ್ಟು, ಇಯರ್‌ಫೋನ್‌ಗೆ ಎಷ್ಟು ಅಂತ ಬೇರೆ ಬೇರೆ ನೆನಪಿಟ್ಟುಕೊಳ್ಳುತ್ತೆ. ಡೆಸ್ಕ್‌ಟಾಪ್‌ಗೆ ನೀವು ಹೇಳಿಕೊಡಬೇಕು.

ಹೇಗೆ ಅಂದರೆ, ರಿಯಲ್‌ಟೆಕ್ ಆಡಿಯೋ ಮ್ಯಾನೇಜರ್, ಹೊಸ ಕಂಪ್ಯೂಟರ್ ಆದರೆ ರಿಯಲ್‌ಟೆಕ್ ಆಡಿಯೋ ಕನ್ಸೋಲ್, ಅದನ್ನು ತೆರೆಯಿರಿ. ಡಿವೈಸ್ ಅಡ್ವಾನ್ಸ್ಡ್ ಸೆಟ್ಟಿಂಗ್ಸ್ ಅಂತ ಒಂದು ಕಡೆ ಇರುತ್ತೆ. ಅಲ್ಲಿ ಎರಡು ಆಯ್ಕೆ. ಮುಂದೆ ಹೆಡ್‌ಫೋನ್ ಸಿಗಿಸಿದರೆ ಹಿಂದಿನದನ್ನು ಮ್ಯೂಟ್ ಮಾಡು ಅನ್ನೋದು ಒಂದು. ಮುಂದಿನದು ಹಿಂದಿನದು ಎರಡರಲ್ಲೂ ಒಟ್ಟಿಗೇ ಬೇರೆ ಬೇರೆ ಆಡಿಯೋ ಓಡಿಸು ಅನ್ನೋದು ಇನ್ನೊಂದು. ಎರಡನೆಯದನ್ನು ಆರಿಸಿ, ಒಂದು ಸಲ ರೀಸ್ಟಾರ್ಟ್ ಮಾಡಿ. ಈಗ ವಿಂಡೋಸ್‌ನ ಸೌಂಡ್ ಪಟ್ಟಿಯಲ್ಲಿ ಸ್ಪೀಕರ್ಸ್ ಜೊತೆ ಸೆಕೆಂಡ್ ಔಟ್‌ಪುಟ್ ಅಂತಲೋ ಹೆಡ್‌ಫೋನ್ಸ್ ಅಂತಲೋ ಇನ್ನೊಂದು ಬಂದಿರುತ್ತೆ. ಎರಡನೇ ವಾಲ್ವ್ ಅದೇ. ಅದನ್ನು 20ಕ್ಕೆ ಇಟ್ಟರೆ 20ರಲ್ಲೇ ಇರುತ್ತೆ, ಸ್ಪೀಕರ್ 100ರಲ್ಲಿದ್ದರೂ.

ಎಲ್ಲ ಬೋರ್ಡ್‌ನಲ್ಲೂ ಈ ಆಯ್ಕೆ ಸಿಗುತ್ತೆ ಅಂತ ನಾನು ಮಾತು ಕೊಡಲ್ಲ. ವಿಂಡೋಸ್ ತಾನೇ ಹಾಕಿಕೊಂಡ ಸಾದಾ ಡ್ರೈವರ್ (ಸೌಂಡ್ ಚಿಪ್ ನಡೆಸುವ ಸಾಫ್ಟ್‌ವೇರ್) ಇದ್ದರೆ ಕಾಣಿಸದೇ ಇರಬಹುದು. ಬೋರ್ಡ್ ಕಂಪನಿಯ ವೆಬ್‌ಸೈಟ್‌ನಿಂದಲೇ ಡ್ರೈವರ್ ಹಾಕಿ ನೋಡಿ, ಸಿಕ್ಕಸಿಕ್ಕ ಕಡೆಯಿಂದ ಬೇಡ. ಆಗಲೂ ಇಲ್ಲ ಅಂದರೆ ತಲೆ ಕೆಡಿಸಿಕೊಳ್ಳಬೇಡಿ, ಪೆನ್‌ಡ್ರೈವ್‌ನಷ್ಟು ದೊಡ್ಡ ಯುಎಸ್‌ಬಿ ಸೌಂಡ್ ಕಾರ್ಡ್ ಸಿಗುತ್ತೆ, ಹೆಡ್‌ಫೋನನ್ನು ಅದಕ್ಕೆ ಸಿಗಿಸಿ. ಅದೇ ಒಂದು ಬೇರೆ ಡಿವೈಸ್. ಯುಎಸ್‌ಬಿ ಹೆಡ್‌ಸೆಟ್‌ಗೆ ಇದೂ ಬೇಡ, ಅದರೊಳಗೇ ಸೌಂಡ್ ಕಾರ್ಡ್ ಇರುತ್ತೆ.

ಇಷ್ಟು ಮಾಡಿಕೊಟ್ಟು ಕಳಿಸಿದ ಮಾರನೇ ದಿನ ಗ್ಯಾರಂಟಿ ಫೋನ್ ಬರುತ್ತೆ. "ಅಣ್ಣಾ, ಹೆಡ್‌ಫೋನ್ ಹಾಕಿದ್ರೂ ಸ್ಪೀಕರ್ ಕೂಗ್ತೈತೆ!" ಕೂಗುತ್ತೆ ಕಣಪ್ಪಾ, ಈಗ ಅವು ಎರಡು ಡಿವೈಸ್, ಒಂದನ್ನು ಸಿಗಿಸಿದರೆ ಇನ್ನೊಂದು ಯಾಕೆ ಬಾಯಿ ಮುಚ್ಚಬೇಕು? ಯಾವುದು ಬೇಕೋ ನೀವು ಆರಿಸಬೇಕು. ಟಾಸ್ಕ್‌ಬಾರ್‌ನ ಸ್ಪೀಕರ್ ಗುರುತು ಒತ್ತಿ. ವಿಂಡೋಸ್ 10ರಲ್ಲಿ ಡಿವೈಸ್ ಹೆಸರಿನ ಪಕ್ಕ ಬಾಣ ಇರುತ್ತೆ, 11ರಲ್ಲಿ ವಾಲ್ಯೂಮ್ ಗೆರೆಯ ಪಕ್ಕ ಚಿಕ್ಕ ಗುರುತು. ಕೀಬೋರ್ಡ್‌ನ ವಾಲ್ಯೂಮ್ ಬಟನ್ ಕೂಡ ಆಗ ಆರಿಸಿರುವ ಡಿವೈಸ್‌ಗೆ ಮಾತ್ರ ಲೆಕ್ಕ.

ತಾತ ಮೊಮ್ಮಗಳು ಒಟ್ಟಿಗೇ ಕೇಳಬೇಕು ಅಂದರೂ ಆಗುತ್ತೆ. 2018ರಲ್ಲಿ ಬಂದ ವಿಂಡೋಸ್ 10 ಅಪ್‌ಡೇಟ್‌ನಿಂದ ಯಾವ ಆ್ಯಪ್ ಯಾವ ಡಿವೈಸ್‌ಗೆ ಹೋಗಬೇಕು ಅಂತ ಹೇಳಬಹುದು. 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಂ, ಸೌಂಡ್, ವಾಲ್ಯೂಮ್ ಮಿಕ್ಸರ್. ಮೇಷ್ಟ್ರ ಮನೆಯಲ್ಲಿ ಹಾಡಿನ ಪ್ಲೇಯರ್ ಸ್ಪೀಕರ್‌ಗೆ, ಬ್ರೌಸರ್ ಹೆಡ್‌ಫೋನ್‌ಗೆ ಹಾಕಿಕೊಟ್ಟೆ. ಚೀಟಿ ಕೀಳೋಕೆ ಹೋದೆ, "ಇರಲಿ ಬಿಡಪ್ಪಾ" ಅಂದರು.

ಇನ್ನೊಂದು ದೂರು. ಹಾಡು ಕೇಳುತ್ತಾ ಇರುವಾಗ ವಿಡಿಯೋ ಕಾಲ್ ಬಂದರೆ ಹಾಡು ತಾನಾಗೇ ಇಳಿಯುತ್ತೆ, ಕಂಪ್ಯೂಟರ್‌ಗೆ ವೈರಸ್ ಬಂದಿದೆ ಅಂತ. ವೈರಸ್ ಅಲ್ಲ. ಹಳೇ ಸೌಂಡ್ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕಮ್ಯುನಿಕೇಶನ್ಸ್ ಅನ್ನುವ ಟ್ಯಾಬ್ ಇದೆ. ಕಾಲ್ ಬಂದರೆ ಉಳಿದ ಸದ್ದನ್ನು 80 ಪರ್ಸೆಂಟ್ ಇಳಿಸು ಅಂತ ಮೊದಲೇ ಅಲ್ಲಿ ಆರಿಸಿರುತ್ತೆ. ಡೂ ನಥಿಂಗ್ ಮಾಡಿ, ಮುಗೀತು.

ಕಿವಿ ವಿಷಯ ನನ್ನ ಕಸುಬಲ್ಲ, ಡಾಕ್ಟರನ್ನು ಕೇಳಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ವಾರಕ್ಕೆ 40 ಗಂಟೆ ಕೇಳೋದಾದರೆ ಸದ್ದು 80 ಡೆಸಿಬೆಲ್ ಮೀರಬಾರದು ಅನ್ನುತ್ತೆ, ಮಕ್ಕಳಿಗೆ ಇನ್ನೂ ಕಮ್ಮಿ. ಹೆಡ್‌ಫೋನ್‌ನ ಮಟ್ಟವನ್ನು ಬೇರೆ ಇಡಿ ಅಂತ ನಾನು ಬಡಕೊಳ್ಳೋದು ಇದಕ್ಕೇ.

ಅಂಗಡಿಗೇ ತರ್ತೀನಿ ಅಂದರೆ ತನ್ನಿ, ಆದರೆ ಹೆಡ್‌ಫೋನೂ ತನ್ನಿ. ಹೋದ ವಾರ ಅರಸೀಕೆರೆಯಿಂದ ಒಬ್ಬರು ಸಿಪಿಯುವನ್ನು ಬೆಡ್‌ಶೀಟಲ್ಲಿ ಮಗು ಥರ ಸುತ್ತಿ, ಬಸ್ಸಲ್ಲಿ ತೊಡೆ ಮೇಲೆ ಇಟ್ಟುಕೊಂಡು ಬಂದಿದ್ದರು. ಹೆಡ್‌ಫೋನ್ ಎಲ್ಲಿ ಅಂದೆ. "ಅದು ಸರಿಗೈತಲ್ಲ, ಅದ್ಯಾಕೆ?" ಅಂದರು. ಮನೆಗೆ ಫೋನ್ ಮಾಡಿಸಿ ಅದರ ಫೋಟೋ ತರಿಸಿದೆ. ಯುಎಸ್‌ಬಿ ಪಿನ್. ಬಾಣ ಒತ್ತಿ ಆರಿಸೋದು ಬಿಟ್ಟರೆ ಮಾಡೋಕೆ ಏನೂ ಇರಲಿಲ್ಲ. ಕಾಫಿ ಕುಡಿಸಿ, ಬಸ್ ಸ್ಟ್ಯಾಂಡ್‌ವರೆಗೆ ಸ್ಕೂಟರ್‌ನಲ್ಲಿ ಬಿಟ್ಟು ಬಂದೆ.