ದಿ ಜುನಿಪರ್ ಟ್ರೀ: ಅಕ್ಕನ ಮಾಟ, ತಂಗಿಯ ನೋಟ

ಈ ಸಿನಿಮಾವನ್ನು ಇದರಲ್ಲಿ ತಂಗಿಯಾಗಿ ನಟಿಸಿದ ಗಾಯಕಿ ಬ್ಯೋರ್ಕ್ ಸಲುವಾಗಿ ಹುಡುಕುವವರೇ ಜಾಸ್ತಿ. ನಮ್ಮ ತರಗತಿಯ ಪಾಠಕ್ಕೆ ಬೇಕಾದದ್ದು ಬೇರೆ: ಅಕ್ಕನ ಮಾಟ, ತಂಗಿಯ ನೋಟ. ಅಮೆರಿಕದ ನಿರ್ದೇಶಕಿ ನೀಟ್ಚ್ಕಾ ಕೀನ್ ಇದನ್ನು 1986ರಲ್ಲಿ ಐಸ್‌ಲ್ಯಾಂಡಿನಲ್ಲಿ ಕಪ್ಪು ಬಿಳುಪಿನಲ್ಲಿ ಚಿತ್ರಿಸಿದರು. ದುಡ್ಡಿನ ತಾಪತ್ರಯದಿಂದ ತೆರೆಗೆ ಬಂದದ್ದು 1990ರಲ್ಲಿ.

ಮಾಟಗಾತಿ ಎಂದು ತಾಯಿಯನ್ನು ಸುಟ್ಟು ಕೊಂದ ಮೇಲೆ ಅಕ್ಕ ಕಾಟ್ಲಾ, ತಂಗಿ ಮಾರ್ಗಿಟ್ ಊರು ಬಿಟ್ಟು ಓಡುತ್ತಾರೆ. ಕಾಟ್ಲಾ ಮಂತ್ರ ಹಾಕಿ ಯೋಹಾನ್ ಎಂಬ ವಿಧುರನನ್ನು ಒಲಿಸಿಕೊಳ್ಳುತ್ತಾಳೆ. ಅವನ ಮಗ ಯೋನಾಸ್‌ಗೆ ಈ ಮಲತಾಯಿ ಕಂಡರೆ ಆಗದು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಸಿನಿಮಾದ ಮೂಲ, ಜರ್ಮನ್ ಜನಪದ ಕಥೆಗಳನ್ನು ಕೂಡಿಸಿದ ಗ್ರಿಮ್ ಸಹೋದರರ ಕಥೆ. ಅಲ್ಲಿ ಮಲತಾಯಿ ಕೆಟ್ಟವಳು, ಅಷ್ಟೇ. ಆಸ್ತಿಯ ಆಸೆಗೆ ಹುಡುಗನನ್ನು ಕೊಂದು, ಬೇಯಿಸಿ, ಅಪ್ಪನಿಗೇ ಬಡಿಸುತ್ತಾಳೆ. ಕೀನ್ ಅವಳಿಗೆ ಒಂದು ಭಯ ಕೊಟ್ಟಿದ್ದಾರೆ. ಈ ಮನೆಯೂ ತಪ್ಪಿದರೆ ಕಾಟ್ಲಾ ಹೋಗುವುದೆಲ್ಲಿಗೆ? ಅವಳಿಗೆ ಮಾಟ ಅಂದರೆ ತಲೆ ಮೇಲೊಂದು ಸೂರು. ಹಾಗಂತ ಅವಳನ್ನು ಸುಮ್ನೆ ಬಿಟ್ಟುಬಿಡುವ ಸಿನಿಮಾ ಅಲ್ಲ ಇದು. ಸತ್ತ ತಾಯಿ ನಿನ್ನನ್ನು ಕಾಯುತ್ತಾಳಾ ನೋಡೋಣ ಎಂದು ಕೆಣಕಿ, ಹುಡುಗ ಬಂಡೆಯಿಂದ ಹಾರಿ ಸಾಯುವಂತೆ ಮಾಡುವವಳೂ ಅವಳೇ.

ಹರೆಯದ ಮಾರ್ಗಿಟ್ ಏನನ್ನೂ ಮಾಡಲು ಹೊರಡುವುದಿಲ್ಲ, ಅವಳಿಗೆ ಕಾಣಿಸುತ್ತದೆ. ಸತ್ತ ತಾಯಿ ಎದುರು ಬಂದು ನಿಲ್ಲುತ್ತಾಳೆ. ಅವಳ ಎದೆಯಲ್ಲಿ ಕಪ್ಪು ಟೊಳ್ಳು. ಮಗಳು ಅದರೊಳಗೆ ಕೈ ಇಡುತ್ತಾಳೆ. ಇದು ದಿವ್ಯದೃಷ್ಟಿಯೋ, ತಬ್ಬಲಿಯ ದುಃಖವೋ? ಚಿತ್ರ ಬಿಡಿಸಿ ಹೇಳುವುದಿಲ್ಲ, ನಾವೂ ಉತ್ತರದಲ್ಲಿ ಹಟ ಹಿಡಿದು ಒಂದನ್ನೇ ಆರಿಸಬೇಕಿಲ್ಲ. ಯೋನಾಸ್ ಜೊತೆ ಅವಳ ಸ್ನೇಹ ಬೆಳೆಯುವುದೂ ಇದರಿಂದಲೇ: ಇಬ್ಬರಿಗೂ ತಾಯಿ ಇಲ್ಲ, ಇಬ್ಬರೂ ಅವಳಿಗಾಗಿ ಕಾಯುತ್ತಿದ್ದಾರೆ.

ಒಂದು ಎಚ್ಚರಿಕೆ. ಇದನ್ನು ಐಸ್‌ಲ್ಯಾಂಡಿನ ಇತಿಹಾಸ ಅಂತ ಬರೆಯಬೇಡಿ. ಅಲ್ಲಿ 17ನೇ ಶತಮಾನದಲ್ಲಿ ಮಾಟದ ಆರೋಪಕ್ಕೆ ಸುಟ್ಟುಹೋದವರು ಬಹುಪಾಲು ಗಂಡಸರು. ಸುಟ್ಟ ತಾಯಿ ಕೀನ್ ಕಟ್ಟಿದ ಕಥೆಗೆ ಸೇರಿದವಳು.

ಕೊನೆಯನ್ನು ಮೂಲದ ಜೊತೆ ಇಟ್ಟು ನೋಡಿ. ಗ್ರಿಮ್ ಕಥೆಯಲ್ಲಿ ಸತ್ತ ಹುಡುಗನೇ ಹಕ್ಕಿಯಾಗಿ ಬರುತ್ತಾನೆ. ಆ ಹಕ್ಕಿ ಬೀಸುಕಲ್ಲು ಬೀಳಿಸಿ ಮಲತಾಯಿಯನ್ನು ಕೊಲ್ಲುತ್ತದೆ, ಹುಡುಗ ಜೀವಂತ ಎದ್ದು ಬರುತ್ತಾನೆ. ಇಲ್ಲಿ ಕಾಟ್ಲಾ ಸಾರಿಗೆ ಹಾಕಿದ ಯೋನಾಸ್‌ನ ಬೆರಳು ಸಿಕ್ಕಾಗ ಮಾರ್ಗಿಟ್ ಅದನ್ನು ಹೂಳುತ್ತಾಳೆ. ಮರ ಬೆಳೆಯುತ್ತದೆ, ಹಕ್ಕಿಯೂ ಬರುತ್ತದೆ. ಹುಡುಗ ಮಾತ್ರ ಬರುವುದಿಲ್ಲ. ಕಾಟ್ಲಾ ತಲೆ ಮೇಲೆ ಯಾವ ಕಲ್ಲೂ ಬೀಳುವುದಿಲ್ಲ. ಅಂದರೆ ತೀರ್ಪು ಕೊಡುವ ಕೆಲಸವನ್ನು ಕೀನ್ ಮಾಟದ ಕೈಯಿಂದಲೇ ಕಿತ್ತುಕೊಂಡಿದ್ದಾರೆ, ಅಲ್ವಾ?