10 ಕೋಟಿ ಡಿಗ್ರಿ ಪ್ಲಾಸ್ಮಾ ಪುಟ್ಟ ಯಂತ್ರದ ಗೋಡೆಯನ್ನು ಕರಗಿಸಲ್ವಾ?

ಪ್ರಶ್ನೆ: ಇಂಗ್ಲೆಂಡಿನ ಎಸ್‌ಟಿ40 ಎಂಬ ಫ್ಯೂಷನ್ (ಪರಮಾಣು ಬೀಜಗಳನ್ನು ಬೆಸೆಯುವ) ಯಂತ್ರದಲ್ಲಿ 10 ಕೋಟಿ ಡಿಗ್ರಿ ಸೆಲ್ಸಿಯಸ್ ಮುಟ್ಟಿದರಂತೆ. ಯಂತ್ರವೋ ತೀರಾ ಚಿಕ್ಕದು. ಅದರ ಗೋಡೆ ಹೇಗೆ ಉಳಿಯಿತು?

ಉತ್ತರ: ಹೌದು, 2022ರಲ್ಲಿ ಟೋಕಾಮಾಕ್ ಎನರ್ಜಿ ಕಂಪನಿ ಆ ಬಿಸಿ ಮುಟ್ಟಿತು. ಸೂರ್ಯನ ನಡುಭಾಗವೇ ಸುಮಾರು ಒಂದೂವರೆ ಕೋಟಿ ಡಿಗ್ರಿ. ಆದರೂ ಗೋಡೆ ಕರಗಲಿಲ್ಲ, ಏಕೆಂದರೆ ಒಳಗಿರುವ ಪ್ಲಾಸ್ಮಾ, ಅಂದರೆ ವಿದ್ಯುದಾವೇಶದ ಕಣಗಳಾಗಿ ಒಡೆದ ಬಿಸಿ ಅನಿಲ, ನಾವು ಉಸಿರಾಡುವ ಗಾಳಿಗಿಂತ ಲಕ್ಷಕ್ಕೂ ಹೆಚ್ಚು ಪಟ್ಟು ತೆಳು. ಬಿಸಿ ವಿಪರೀತ, ಸರಕು ಮಿಲಿಗ್ರಾಂ ಲೆಕ್ಕದ್ದು. ಗೋಡೆಗೆ ತಾಗಿದರೆ ಮೊದಲು ಆರುವುದು ಪ್ಲಾಸ್ಮಾನೇ. ಹಾಗಾಗಿ ಅದನ್ನು ಗೋಡೆಯಿಂದ ದೂರ ಹಿಡಿದಿಡಬೇಕು. ಆ ಕೆಲಸ ಆಯಸ್ಕಾಂತಗಳದ್ದು.

ಇಲ್ಲಿ ಆಕಾರದ ಮಾತು ಬರುತ್ತದೆ. ಹೀಗೆ ಆಯಸ್ಕಾಂತದಿಂದ ಪ್ಲಾಸ್ಮಾವನ್ನು ಉಂಗುರದಂತೆ ಹಿಡಿದಿಡುವ ಯಂತ್ರವೇ ಟೋಕಾಮಾಕ್; ಎಸ್‌ಟಿ40 ಅದರಲ್ಲಿ ಗೋಳಾಕಾರದ ಬಗೆ. ಮಾಮೂಲಿ ಟೋಕಾಮಾಕ್‌ನಲ್ಲಿ ಪ್ಲಾಸ್ಮಾ ಉದ್ದಿನ ವಡೆಯಂತೆ ಇದ್ದರೆ, ಗೋಳಾಕಾರದ ಟೋಕಾಮಾಕ್‌ನಲ್ಲಿ ನಡುವಿನ ತಿರುಳು ತೆಗೆದ ಸೇಬಿನಂತೆ ಇರುತ್ತದೆ. ರಂಧ್ರ ಕಿರಿದು, ಅದರಲ್ಲಿ ಆಯಸ್ಕಾಂತದ ಸುರುಳಿಗಳು ಹಾದುಹೋಗುವ ಒಂದು ಕಂಬ. ಕಂಬದ ಹತ್ತಿರ ಕಾಂತಕ್ಷೇತ್ರ ಬಲವಾಗಿರುತ್ತದೆ, ಹೊರಕ್ಕೆ ಹೋದಂತೆ ಬಲ ಕುಗ್ಗುತ್ತದೆ. ಪ್ಲಾಸ್ಮಾ ಉಬ್ಬಿ ತಪ್ಪಿಸಿಕೊಳ್ಳಲು ನೋಡುವುದು ಆ ಹೊರಬದಿಯಲ್ಲೇ. ಆದರೆ ಈ ಆಕಾರದಲ್ಲಿ ಕಾಂತರೇಖೆಗಳು ಕಂಬದ ಸುತ್ತ ಜಾಸ್ತಿ ಸುತ್ತು ಹೊಡೆಯುತ್ತವೆ. ಅವುಗಳ ಜಾಡಿನಲ್ಲೇ ಓಡುವ ಕಣಗಳೂ ಒಳಬದಿಯಲ್ಲಿ ಹೆಚ್ಚು ಹೊತ್ತು ಕಳೆಯುತ್ತವೆ. ಒಳಬದಿ ಸ್ಥಿರ. ಹಾಗಾಗಿ ಒಟ್ಟಾರೆ ಪ್ಲಾಸ್ಮಾ ಹದ್ದುಬಸ್ತಿನಲ್ಲಿರುತ್ತದೆ.

ಇದರ ಲಾಭವನ್ನು ಬೀಟಾ ಎಂಬ ಸಂಖ್ಯೆಯಲ್ಲಿ ಅಳೆಯುತ್ತಾರೆ. ಕಾಂತಕ್ಷೇತ್ರದ ಒತ್ತಡಕ್ಕೆ ಹೋಲಿಸಿದರೆ ಪ್ಲಾಸ್ಮಾದ ಒತ್ತಡ ಎಷ್ಟು ಅನ್ನುವ ಲೆಕ್ಕ ಅದು. ಮಾಮೂಲಿ ಟೋಕಾಮಾಕ್‌ಗಳಲ್ಲಿ ಇದು ಶೇಕಡಾ ಕೆಲವೇ ಅಂಕಿ. 1990ರ ದಶಕದಲ್ಲಿ ಇಂಗ್ಲೆಂಡಿನ ಕಲ್ಹ್ಯಾಮ್‌ನಲ್ಲಿದ್ದ ಸ್ಟಾರ್ಟ್ ಎಂಬ ಪುಟ್ಟ ಯಂತ್ರ ಸುಮಾರು ಶೇಕಡಾ 40 ತಲುಪಿತು! ಗೋಳಾಕಾರದ ಯಂತ್ರಗಳನ್ನು ಜನ ಗಂಭೀರವಾಗಿ ತೆಗೆದುಕೊಂಡಿದ್ದೇ ಆಮೇಲೆ ಅಂತ ನನ್ನ ಅನಿಸಿಕೆ.

ಹಾಗಂತ ಗೋಡೆಗೆ ಅಪಾಯವೇ ಇಲ್ಲ ಅನ್ನಬೇಡಿ. ಪ್ಲಾಸ್ಮಾದ ಅಂಚಿನಿಂದ ಬಿಸಿ ಸೋರುತ್ತಲೇ ಇರುತ್ತದೆ. ಅದನ್ನು ಡೈವರ್ಟರ್ ಎಂಬ ಜಾಗಕ್ಕೆ ಹಾಯಿಸುತ್ತಾರೆ. ಯಂತ್ರ ಚಿಕ್ಕದಾದಷ್ಟೂ ಅಷ್ಟೇ ಬಿಸಿ ಕಡಿಮೆ ಜಾಗಕ್ಕೆ ಬಡಿಯುತ್ತದೆ. ಕಲ್ಹ್ಯಾಮ್‌ನ ಮಾಸ್ಟ್ ಅಪ್‌ಗ್ರೇಡ್ ಎಂಬ ಗೋಳಾಕಾರದ ಯಂತ್ರ ಇದಕ್ಕೊಂದು ಉಪಾಯ ತೋರಿಸಿತು. ಸೂಪರ್-ಎಕ್ಸ್ ಎಂಬ ವಿನ್ಯಾಸದಲ್ಲಿ ಸೋರುವ ಪ್ಲಾಸ್ಮಾವನ್ನು ಉದ್ದದ ದಾರಿಯಲ್ಲಿ ಸುತ್ತಾಡಿಸಿ, ತಣಿಸಿ, ಆಮೇಲೆ ಗೋಡೆ ಮುಟ್ಟಲು ಬಿಡುತ್ತಾರೆ. ಗೋಡೆಗೆ ಬೀಳುವ ಬಿಸಿ ಹತ್ತನೇ ಒಂದು ಭಾಗಕ್ಕೆ ಇಳಿಯಿತು ಅಂತ 2021ರಲ್ಲಿ ತಿಳಿಸಿದರು.

ನನ್ನನ್ನು ಕೇಳಿದರೆ, ಗೋಡೆಗಿಂತ ಹೆಚ್ಚು ಚಿಂತೆ ನಡುವಿನ ಕಂಬದ್ದು. ಇಂಧನವಾದ ಡ್ಯೂಟೀರಿಯಂ ಮತ್ತು ಟ್ರಿಟಿಯಂ (ಎರಡೂ ಭಾರವಾದ ಹೈಡ್ರೋಜನ್) ಬೆಸೆದಾಗ ಹೊರಬರುವ ನ್ಯೂಟ್ರಾನ್‌ಗಳಿಗೆ ವಿದ್ಯುದಾವೇಶ ಇಲ್ಲ, ಕಾಂತಕ್ಷೇತ್ರ ಅವನ್ನು ತಡೆಯದು. ಅವು ನೇರ ಕಂಬಕ್ಕೂ ನುಗ್ಗುತ್ತವೆ. ರಕ್ಷಣೆಗೆ ದಪ್ಪ ಕವಚ ಹಾಕೋಣ ಅಂದರೆ ಆ ಕಿರಿದಾದ ರಂಧ್ರದಲ್ಲಿ ಜಾಗ ಎಲ್ಲಿದೆ? ನಾಟಿಂಗ್‌ಹ್ಯಾಮ್‌ಶೈರ್‌ನ ವೆಸ್ಟ್ ಬರ್ಟನ್‌ನಲ್ಲಿ, ಹಳೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಜಾಗದಲ್ಲಿ, ಬ್ರಿಟನ್ ಕಟ್ಟಹೊರಟಿರುವ ಸ್ಟೆಪ್ ಎಂಬ ಫ್ಯೂಷನ್ ವಿದ್ಯುತ್ ಸ್ಥಾವರ ಕೂಡ ಗೋಳಾಕಾರದ್ದೇ. ಅದರ ಎಂಜಿನಿಯರ್‌ಗಳು ಬಿಡಿಸಬೇಕಾದ ಕಠಿಣ ಲೆಕ್ಕಗಳಲ್ಲಿ ಇದೂ ಒಂದು.